ಕೀವರ್ಡ್ ಪೈಪೋಟಿ ಅಳೆಯುವುದು ಹೇಗೆ: ಪದೇ ಪದೇ ಕೇಳುವ ಪ್ರಶ್ನೆಗಳು

ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳಲ್ಲಿ ಅಂಗಡಿ, ಕ್ಲಿನಿಕ್, ಹೋಂಸ್ಟೇ, ಕೋಚಿಂಗ್ ಸೆಂಟರ್ ನಡೆಸುವವರು ಮತ್ತು ಅವರ ವೆಬ್‌ಸೈಟ್ ನೋಡಿಕೊಳ್ಳುವವರು ಕೇಳುವ ಪ್ರಶ್ನೆಗಳಿವು. ಬೆಂಗಳೂರಿನ ಮಗ್ಗುಲಲ್ಲೇ ಇರುವ ಈ ಮೂರು ಜಿಲ್ಲೆಗಳಿಗೆ ಒಂದು ವಿಶೇಷ ತೊಂದರೆಯಿದೆ. ಗೂಗಲ್‌ನಲ್ಲಿ ಇವರಿಗೆ ಪಕ್ಕದ ಬೀದಿಯವರಿಗಿಂತ ಬೆಂಗಳೂರಿನವರೇ ಅಡ್ಡ ಬರುತ್ತಾರೆ. ಅದನ್ನು ಮನಸ್ಸಿನಲ್ಲಿಟ್ಟುಕೊಂಡೇ ಉತ್ತರಗಳನ್ನು ಬರೆದಿದ್ದೇವೆ.

ಕೀವರ್ಡ್ ಪೈಪೋಟಿ ಎಂದರೆ ಏನು?

ಗ್ರಾಹಕ ಗೂಗಲ್‌ನಲ್ಲಿ ಒಂದು ಮಾತು (ಅದೇ ಕೀವರ್ಡ್) ಟೈಪ್ ಮಾಡಿದಾಗ ಮೊದಲ ಪುಟದಲ್ಲಿ ಹತ್ತು ಫಲಿತಾಂಶ ಬರುತ್ತವೆ. ಅವುಗಳಲ್ಲಿ ಒಂದನ್ನು ಕೆಳಗೆ ತಳ್ಳಿ ಆ ಜಾಗದಲ್ಲಿ ಕೂರಲು ನಿಮ್ಮ ಪುಟಕ್ಕೆ ಎಷ್ಟು ಕೆಲಸ ಬೇಕು ಎಂಬುದೇ ಪೈಪೋಟಿ. ಒಟ್ಟು ಎಷ್ಟು ಲಕ್ಷ ಫಲಿತಾಂಶ ಇವೆ ಎಂಬ ಸಂಖ್ಯೆ ಲೆಕ್ಕಕ್ಕಿಲ್ಲ. ಅದು ಗೂಗಲ್ ಕೊಡುವ ಅಂದಾಜು ಮಾತ್ರ. ಹನ್ನೊಂದನೆಯವನ ಹಿಂದೆ ಹತ್ತು ಜನ ಇದ್ದರೂ ಹತ್ತು ಲಕ್ಷ ಜನ ಇದ್ದರೂ ನಿಮಗೆ ವ್ಯತ್ಯಾಸವಿಲ್ಲ.

ಇನ್ನೊಂದು ವಿಷಯ: ಪೈಪೋಟಿ ಎಲ್ಲರಿಗೂ ಒಂದೇ ಅಲ್ಲ. ಹತ್ತು ವರ್ಷದಿಂದ ನಡೆಯುತ್ತಿರುವ, ನೂರಾರು ಸೈಟ್‌ಗಳಿಂದ ಲಿಂಕ್ ಪಡೆದಿರುವ ಕಾಲೇಜಿನ ವೆಬ್‌ಸೈಟ್‌ಗೆ ಸುಲಭವಾದ ಕೀವರ್ಡ್ ಕಳೆದ ತಿಂಗಳು ಶುರುವಾದ ಟ್ಯೂಷನ್ ಸೆಂಟರ್‌ಗೆ ಬೆಟ್ಟದಷ್ಟು ಕಷ್ಟ. ಹಾಗಾಗಿ ಯಾವುದೇ ಅಳತೆಯನ್ನು ನಿಮ್ಮ ಸೈಟ್‌ನ ಪಕ್ಕದಲ್ಲಿಟ್ಟೇ ನೋಡಬೇಕು.

ಗೂಗಲ್ ಕೀವರ್ಡ್ ಪ್ಲಾನರ್‌ನಲ್ಲಿ 'ಕಾಂಪಿಟಿಷನ್ ಲೋ' ಎಂದು ತೋರಿಸುತ್ತಿದೆ. ಹಾಗಾದರೆ ಸುಲಭವಾಗಿ ಮೇಲೆ ಬರಬಹುದಲ್ಲವೇ?

ಇಲ್ಲ. ಅತಿ ಹೆಚ್ಚು ಜನ ಎಡವುವುದು ಇಲ್ಲೇ. ಪ್ಲಾನರ್ ಇರುವುದು ಗೂಗಲ್‌ನಲ್ಲಿ ಜಾಹೀರಾತು ಕೊಡುವವರಿಗಾಗಿ. ಆ ಕಾಲಂ ಹೇಳುವುದು ಜಾಹೀರಾತುದಾರರ ಪೈಪೋಟಿಯನ್ನು, ಅಂದರೆ ಆ ಮಾತಿಗೆ ಎಷ್ಟು ಜನ ದುಡ್ಡು ಹಾಕಿ ಜಾಹೀರಾತು ಕೊಡುತ್ತಿದ್ದಾರೆ ಎಂಬುದನ್ನು. ದುಡ್ಡು ಕೊಡದೆ ಬರುವ ಫಲಿತಾಂಶಗಳಿಗೂ ಅದಕ್ಕೂ ಸಂಬಂಧವಿಲ್ಲ. 'ಶಿವಗಂಗೆ ಬೆಟ್ಟದ ಇತಿಹಾಸ' ಎಂಬ ಮಾತಿಗೆ ಜಾಹೀರಾತು ಕೊಡುವವರು ಯಾರೂ ಇರಲಿಕ್ಕಿಲ್ಲ. ಆದರೆ ಮೊದಲ ಪುಟದಲ್ಲಿ ವಿಕಿಪೀಡಿಯ, ಪ್ರವಾಸೋದ್ಯಮದ ಸೈಟ್‌ಗಳು, ಪತ್ರಿಕೆಗಳು ಭದ್ರವಾಗಿ ಕೂತಿರುತ್ತವೆ.

ಪ್ಲಾನರ್‌ನಿಂದ ಎರಡು ಉಪಯೋಗ ಮಾತ್ರ ಪಡೆಯಿರಿ. ಒಂದು, ತಿಂಗಳಿಗೆ ಸುಮಾರು ಎಷ್ಟು ಹುಡುಕಾಟ ಎಂಬ ಅಂದಾಜು. ಜಾಹೀರಾತಿಗೆ ಖರ್ಚು ಮಾಡದ ಖಾತೆಗಳಿಗೆ ಅದು '100ರಿಂದ 1,000', '1,000ದಿಂದ 10,000' ಎಂಬಂಥ ಅಗಲವಾದ ಅಂತರದಲ್ಲೇ ಸಿಗುತ್ತದೆ. ಸ್ಥಳವನ್ನು ಭಾರತದಿಂದ ನಿಮ್ಮ ಜಿಲ್ಲೆಗೆ ಬದಲಾಯಿಸಿಕೊಂಡೇ ನೋಡಿ. ಎರಡು, 'ಟಾಪ್ ಆಫ್ ಪೇಜ್ ಬಿಡ್' ದರ. ಒಂದು ಕ್ಲಿಕ್ಕಿಗೆ ಜನ ಹೆಚ್ಚು ದುಡ್ಡು ಕೊಡಲು ತಯಾರಿದ್ದರೆ ಆ ಮಾತಿನಿಂದ ವ್ಯಾಪಾರ ಆಗುತ್ತಿದೆ ಎಂದರ್ಥ.

ಏಚ್‌ರೆಫ್ಸ್, ಸೆಮ್‌ರಷ್‌ನಂಥ ಕೀವರ್ಡ್ ಟೂಲ್‌ಗಳು ತೋರಿಸುವ 'ಕೀವರ್ಡ್ ಡಿಫಿಕಲ್ಟಿ' (ಕೀವರ್ಡ್ ಎಷ್ಟು ಕಷ್ಟ ಎಂಬ) ಸಂಖ್ಯೆಯನ್ನು ನಂಬಬಹುದೇ?

ಮೊದಲ ಸೋಸುವಿಕೆಗೆ ಸಾಕು, ತೀರ್ಮಾನಕ್ಕೆ ಸಾಲದು. ಏಚ್‌ರೆಫ್ಸ್ ತನ್ನ 0ರಿಂದ 100ರ ಸಂಖ್ಯೆಯನ್ನು ಮೊದಲ ಹತ್ತು ಪುಟಗಳಿಗೆ ಎಷ್ಟು ಬೇರೆ ಬೇರೆ ಸೈಟ್‌ಗಳಿಂದ ಲಿಂಕ್ ಬಂದಿದೆ ಎಂಬುದರ ಮೇಲೆ ಕಟ್ಟುತ್ತದೆ. ಸೆಮ್‌ರಷ್ ಬೇರೆ ಅಂಶಗಳನ್ನೂ ಸೇರಿಸುತ್ತದೆ. ಹಾಗಾಗಿ ಒಂದರಲ್ಲಿ 8 ಎಂದಿದ್ದ ಮಾತು ಇನ್ನೊಂದರಲ್ಲಿ 30 ಇರಬಹುದು. ಎರಡು ಟೂಲ್‌ಗಳ ಸಂಖ್ಯೆಗಳನ್ನು ಅಕ್ಕಪಕ್ಕ ಇಟ್ಟು ಹೋಲಿಸಬೇಡಿ, ಒಂದೇ ಟೂಲ್‌ನಲ್ಲಿ ಹತ್ತಿಪ್ಪತ್ತು ಕೀವರ್ಡ್‌ಗಳನ್ನು ಹೋಲಿಸಿ. ಏಣಿಯ ಮೆಟ್ಟಿಲುಗಳೂ ಸಮವಾಗಿಲ್ಲ: 10ರಿಂದ 20ಕ್ಕೆ ಏರುವುದಕ್ಕಿಂತ 70ರಿಂದ 80ಕ್ಕೆ ಏರುವುದು ಎಷ್ಟೋ ಪಟ್ಟು ಕಷ್ಟ.

ನಮ್ಮ ಊರುಗಳ ಮಾತುಗಳಿಗೆ ಈ ಸಂಖ್ಯೆ ಬಹುತೇಕ 0ರಿಂದ 5ರೊಳಗೇ ಬರುತ್ತದೆ. ಸ್ಥಳೀಯ ಪುಟಗಳಿಗೆ ಲಿಂಕ್‌ಗಳೇ ಇರುವುದಿಲ್ಲವಾದ್ದರಿಂದ ಎಲ್ಲವೂ ಸುಲಭ ಎಂದು ಟೂಲ್ ಹೇಳುತ್ತದೆ. ಫಲಿತಾಂಶಗಳ ನಡುವೆ ಮ್ಯಾಪ್ ಜೊತೆ ಬರುವ ಮೂರು ಅಂಗಡಿಗಳು, ಮೇಲಿರುವ ನಾಲ್ಕು ಜಾಹೀರಾತು, ಜಸ್ಟ್‌ಡಯಲ್‌ನ ಬಲ ಇವು ಯಾವುವೂ ಆ ಸೊನ್ನೆಯಲ್ಲಿ ಕಾಣುವುದಿಲ್ಲ. ಮಾಜ್ ಕಂಪನಿಯ 'ಡೊಮೇನ್ ಅಥಾರಿಟಿ' ಕೂಡ ಅಷ್ಟೆ. ಅದು ಒಂದು ಸೈಟ್ ಎಷ್ಟು ಬಲಶಾಲಿ ಎಂಬುದಕ್ಕೆ ಆ ಕಂಪನಿಯ ಸ್ವಂತ ಲೆಕ್ಕ, ಗೂಗಲ್ ಅದನ್ನು ಬಳಸುವುದಿಲ್ಲ.

ಹಾಗಾದರೆ ಸರಿಯಾಗಿ ಅಳೆಯುವುದು ಹೇಗೆ?

ಮೊದಲ ಪುಟದ ಹತ್ತೂ ಫಲಿತಾಂಶಗಳನ್ನು ತೆರೆದು ಓದಬೇಕು. ಅಭ್ಯಾಸವಾದ ಮೇಲೆ ಒಂದು ಕೀವರ್ಡ್‌ಗೆ ಇಪ್ಪತ್ತು ನಿಮಿಷ ಸಾಕು. ಗೂಗಲ್ ಶೀಟ್‌ನಲ್ಲಿ ಹತ್ತು ಸಾಲು ಮಾಡಿಕೊಳ್ಳಿ. 'ಸ್ಪಾನ್ಸರ್ಡ್' ಎಂದಿರುವ ಜಾಹೀರಾತುಗಳನ್ನು ಬಿಡಿ, ಮ್ಯಾಪ್‌ನ ಅಂಗಡಿಗಳನ್ನು ಬೇರೆ ಬರೆದುಕೊಳ್ಳಿ.

ಪ್ರತಿ ಸಾಲಿನಲ್ಲೂ ಮೊದಲು ಬರೆಯಬೇಕಾದ್ದು ಆ ಪುಟ ಯಾವ ಜಾತಿಯದು ಎಂಬುದು: ಡೈರೆಕ್ಟರಿಯೇ, ಸುದ್ದಿಯೇ, ಸರ್ಕಾರಿ ಪುಟವೇ, ಯೂಟ್ಯೂಬ್ ವಿಡಿಯೋವೇ, ನಿಮ್ಮಂಥದೇ ಅಂಗಡಿಯೇ? ಹತ್ತರಲ್ಲಿ ಒಂಬತ್ತು 'ಹೇಗೆ ಮಾಡುವುದು' ಎಂಬ ಲೇಖನಗಳಾಗಿದ್ದರೆ ನಿಮ್ಮ ಮಾರಾಟದ ಪುಟ ಅಲ್ಲಿಗೆ ಹೋಗುವುದಿಲ್ಲ. ಆ ಮಾತನ್ನು ಟೈಪ್ ಮಾಡುವವರಿಗೆ ಲೇಖನ ಬೇಕು ಎಂದು ಗೂಗಲ್ ಆಗಲೇ ತೀರ್ಮಾನಿಸಿದೆ. ಇಂಥ ಕಡೆ ಎಷ್ಟು ಲಿಂಕ್ ತಂದರೂ ವ್ಯರ್ಥ.

ಎರಡನೆಯದು, ಟೈಟಲ್. ಗ್ರಾಹಕನ ಮಾತು ಟೈಟಲ್‌ನಲ್ಲಿ ನೇರವಾಗಿ ಇದೆಯೇ, ಇಡೀ ಪುಟ ಅದೇ ವಿಷಯಕ್ಕೆ ಮೀಸಲೇ, ಅಥವಾ ಎಲ್ಲೋ ಒಂದು ಪ್ಯಾರಾದಲ್ಲಿ ಬಂದು ಹೋಗಿದೆಯೇ? ಒಂದು ಪ್ಯಾರಾದ ಬಲದಿಂದ ಮೊದಲ ಪುಟಕ್ಕೆ ಬಂದಿದ್ದರೆ ಆ ಜಾಗ ಖಾಲಿ ಇದ್ದಂತೆಯೇ.

ಮೂರನೆಯದು, ಲಿಂಕ್. ಏಚ್‌ರೆಫ್ಸ್‌ನ ಉಚಿತ ಬ್ಯಾಕ್‌ಲಿಂಕ್ ಚೆಕರ್‌ನಲ್ಲಿ ಆ ನಿರ್ದಿಷ್ಟ ಪುಟದ ವಿಳಾಸ ಹಾಕಿ, ಇಡೀ ಸೈಟ್‌ನದ್ದಲ್ಲ. 'ರೆಫರಿಂಗ್ ಡೊಮೇನ್', ಅಂದರೆ ಎಷ್ಟು ಬೇರೆ ಬೇರೆ ಸೈಟ್‌ಗಳು ಲಿಂಕ್ ಕೊಟ್ಟಿವೆ ಎಂಬ ಸಂಖ್ಯೆ ನೋಡಿ. ಒಂದೇ ಸೈಟ್‌ನ ಫೂಟರ್‌ನಿಂದ ಸಾವಿರ ಲಿಂಕ್ ಬಂದಿದ್ದರೂ ಅದು ಒಂದು ಡೊಮೇನ್ ಅಷ್ಟೆ. ಹತ್ತರಲ್ಲಿ ಆರೇಳು ಪುಟಗಳಿಗೆ ಐದಕ್ಕಿಂತ ಕಡಿಮೆ ಡೊಮೇನ್ ಇದ್ದರೆ ಲಿಂಕ್‌ನ ಚಿಂತೆ ಬಿಟ್ಟು ಬರವಣಿಗೆ ಮೇಲೆ ಶ್ರಮ ಹಾಕಿ.

ನಾಲ್ಕನೆಯದು, ಪುಟ ಎಷ್ಟು ಹಳೆಯದು, ಬೆಲೆ, ಫೋನ್, ಸಮಯ ಈಗಲೂ ಸರಿ ಇವೆಯೇ ಎಂಬುದು. ಐದನೆಯದು, ಆ ಪುಟ ನಿಮ್ಮ ಊರಿನದೇ ಅಥವಾ ಬೇರೆ ಊರಿನದೇ.

ಹತ್ತರಲ್ಲಿ ಮೂರಾದರೂ ದುರ್ಬಲ ಪುಟಗಳಿದ್ದರೆ ಕೈಹಾಕಿ. ಒಂದೇ ಇದ್ದರೆ ಕಾಯಿರಿ. ಒಂದೂ ಇಲ್ಲದಿದ್ದರೆ ಆ ಮಾತಿಗೆ ಇನ್ನೊಂದು ಪದ ಸೇರಿಸಿ ಕಿರಿದು ಮಾಡಿಕೊಂಡು ಮತ್ತೆ ನೋಡಿ. ಕೋರಾ, ರೆಡ್ಡಿಟ್ ಪುಟ ಕಂಡರೆ ದುರ್ಬಲ ಎಂದು ಹಿಂದೆ ಕಣ್ಣುಮುಚ್ಚಿ ಬರೆದುಕೊಳ್ಳುತ್ತಿದ್ದರು. ಈಗ ಹಾಗಿಲ್ಲ, ಅನುಭವ ಹಂಚಿಕೊಂಡ ಪುಟಗಳಿಗೆ ಗೂಗಲ್ ತಾನಾಗಿಯೇ ಜಾಗ ಕೊಡುತ್ತಿದೆ.

ನನ್ನ ಫೋನಿನಲ್ಲಿ ಹುಡುಕಿದರೆ ನನ್ನ ಅಂಗಡಿಯೇ ಮೊದಲು ಬರುತ್ತದೆ. ಬೇರೆಯವರಿಗೆ ಯಾಕೆ ಬರುವುದಿಲ್ಲ?

ನೀವು ಅಂಗಡಿಯಲ್ಲೇ ಕೂತು ಹುಡುಕುತ್ತಿದ್ದೀರಿ, ನಿಮ್ಮ ಸೈಟ್‌ಗೆ ನೀವೇ ದಿನಾ ಹೋಗುತ್ತಿದ್ದೀರಿ. ಇನ್‌ಕಾಗ್ನಿಟೊ ವಿಂಡೋ ತೆರೆದರೆ ಹಳೆಯ ಹುಡುಕಾಟದ ಪ್ರಭಾವ ಹೋಗುತ್ತದೆ, ಸ್ಥಳದ ಪ್ರಭಾವ ಹೋಗುವುದಿಲ್ಲ. ಫಲಿತಾಂಶ ಪುಟದ ಕೆಳತುದಿಯಲ್ಲಿ ಗೂಗಲ್ ನಿಮ್ಮನ್ನು ಯಾವ ಊರಿನಲ್ಲಿದ್ದೀರಿ ಎಂದುಕೊಂಡಿದೆ ಎಂಬುದು ಬರೆದಿರುತ್ತದೆ. ಅದನ್ನು ಮೊದಲು ನೋಡಿ. ಈ ಜಿಲ್ಲೆಗಳ ಬ್ರಾಡ್‌ಬ್ಯಾಂಡ್‌ನಲ್ಲಿ ಅಲ್ಲಿ 'ಬೆಂಗಳೂರು' ಎಂದು ಬರುವುದು ಮಾಮೂಲು. ಆಗ ನೀವು ಅಳೆದದ್ದು ಬೆಂಗಳೂರಿನ ಪೈಪೋಟಿ.

ಸರಿಪಡಿಸಲು ಕಂಪ್ಯೂಟರ್‌ನ ಕ್ರೋಮ್‌ನಲ್ಲಿ ಎಫ್12 ಒತ್ತಿ, ಮೂರು ಚುಕ್ಕೆಯ ಮೆನುವಿನಲ್ಲಿ 'ಮೋರ್ ಟೂಲ್ಸ್', ಅದರಲ್ಲಿ 'ಸೆನ್ಸರ್ಸ್' ತೆರೆಯಿರಿ. 'ಲೊಕೇಷನ್' ಜಾಗದಲ್ಲಿ 'ಅದರ್' ಆರಿಸಿ ಅಕ್ಷಾಂಶ, ರೇಖಾಂಶ ಹಾಕಿ. ತುಮಕೂರಿಗೆ 13.34 ಮತ್ತು 77.10, ಕೋಲಾರಕ್ಕೆ 13.14 ಮತ್ತು 78.13, ಚಿಕ್ಕಬಳ್ಳಾಪುರಕ್ಕೆ 13.43 ಮತ್ತು 77.73. ಆಮೇಲೆ ಗೂಗಲ್ ಪುಟದ ಕೆಳಗಿನ 'ಅಪ್‌ಡೇಟ್ ಲೊಕೇಷನ್' ಒತ್ತಿ, ಅನುಮತಿ ಕೊಟ್ಟು, ಮತ್ತೆ ಹುಡುಕಿ. ಇದು ಕಷ್ಟವೆನಿಸಿದರೆ ಗೂಗಲ್ ಆಡ್ಸ್ ಖಾತೆಯಲ್ಲಿರುವ 'ಆಡ್ ಪ್ರಿವ್ಯೂ' ಬಳಸಿ. ಅದಕ್ಕೆ ದುಡ್ಡು ಬೇಡ, ಊರನ್ನು ಆರಿಸಿಕೊಳ್ಳಬಹುದು.

ಊರಿನ ಹೆಸರು ಸೇರಿಸಿದರೆ ಪೈಪೋಟಿ ಕಡಿಮೆಯಾಗುತ್ತದೆ ಎನ್ನುತ್ತಾರೆ. ನಿಜವೇ?

ಬಹುಪಾಲು ನಿಜ. ಆದರೆ ನಮ್ಮ ಭಾಗದಲ್ಲಿ ಮೂರು ನಾಲ್ಕು ಹೆಸರುಗಳು ದಾರಿ ತಪ್ಪಿಸುತ್ತವೆ.

'ತುಮಕೂರು ರಸ್ತೆ' ಎಂದರೆ ಜನ ಹುಡುಕುವುದು ಯಶವಂತಪುರ, ಪೀಣ್ಯ, ದಾಸರಹಳ್ಳಿ, ನೆಲಮಂಗಲದ ಕಡೆಯನ್ನು. ಆ ಮಾತಿಗೆ ಬರುವುದು ಬೆಂಗಳೂರಿನ ಅಪಾರ್ಟ್‌ಮೆಂಟ್ ಕಂಪನಿಗಳು, ಆಸ್ಪತ್ರೆಗಳು. ತುಮಕೂರಿನ ಎಸ್.ಎಸ್. ಪುರಂನಲ್ಲಿ ಕ್ಲಿನಿಕ್ ಇಟ್ಟವರು ಈ ಮಾತನ್ನು ಹಿಡಿದು ಪುಟ ಬರೆದರೆ ಪ್ರಯೋಜನವಿಲ್ಲ. ಕೋಲಾರದ್ದು ಇನ್ನೂ ವಿಚಿತ್ರ: ಮಧ್ಯಪ್ರದೇಶದ ಭೋಪಾಲ್‌ನಲ್ಲಿ 'ಕೋಲಾರ್ ರೋಡ್' ಎಂಬ ದೊಡ್ಡ ಬಡಾವಣೆಯಿದೆ. ಇಂಗ್ಲಿಷ್‌ನಲ್ಲಿ ಕೋಲಾರ್ ಜೊತೆ ಮನೆ, ಶಾಲೆ, ಆಸ್ಪತ್ರೆ ಸೇರಿಸಿ ಇಡೀ ಭಾರತದ ಲೆಕ್ಕ ತೆಗೆದರೆ ಬರುವ ಸಂಖ್ಯೆಯಲ್ಲಿ ಭೋಪಾಲ್‌ನವರ ಹುಡುಕಾಟವೂ ಸೇರಿರುತ್ತದೆ. ಕರ್ನಾಟಕ ಎಂದು ಸೀಮಿತಗೊಳಿಸದೆ ಆ ಸಂಖ್ಯೆ ನಂಬಬೇಡಿ. 'ಕೆಜಿಎಫ್' ಎಂದರೆ ಊರಿಗಿಂತ ಮೊದಲು ಸಿನಿಮಾ ಬರುತ್ತದೆ. ಅಲ್ಲಿನ ವ್ಯಾಪಾರಿಗಳು ರಾಬರ್ಟ್‌ಸನ್‌ಪೇಟೆ, ಆಂಡರ್‌ಸನ್‌ಪೇಟೆ, ಬಂಗಾರಪೇಟೆ ಎಂಬ ಹೆಸರುಗಳನ್ನು ಹಿಡಿಯುವುದು ಒಳ್ಳೆಯದು.

'ನಂದಿ ಬೆಟ್ಟ' ಸೇರಿದ ಮಾತುಗಳಲ್ಲಿ ಸೈಟು ಮಾರುವ ಬೆಂಗಳೂರಿನ ಡೆವಲಪರ್‌ಗಳು, ರೂಮ್ ಬುಕಿಂಗ್‌ನ ದೊಡ್ಡ ಕಂಪನಿಗಳು ತುಂಬಿರುತ್ತವೆ. ಹೋಂಸ್ಟೇಯವರಿಗೆ ಅಲ್ಲಿ ನೇರ ಜಾಗ ಸಿಗುವುದು ಕಷ್ಟ. ಸ್ಕಂದಗಿರಿ, ಆವಲಬೆಟ್ಟ, ಗುಡಿಬಂಡೆ ಹೆಸರು ಸೇರಿಸಿ, ಜೊತೆಗೆ 'ಟ್ರೆಕ್ ಮುಗಿಸಿ ಊಟ', 'ಕುಟುಂಬಕ್ಕೆ ಉಳಿಯಲು' ಎಂಬಂಥ ಅಗತ್ಯ ಸೇರಿಸಿ ನೋಡಿ. ಹೊಸ ಜಾಗಗಳು ಹೊಸ ಕೀವರ್ಡ್‌ಗಳನ್ನು ಹುಟ್ಟಿಸುತ್ತವೆ ಎಂಬುದನ್ನೂ ಗಮನದಲ್ಲಿಡಿ. 2023ರ ಜನವರಿಯಲ್ಲಿ ಚಿಕ್ಕಬಳ್ಳಾಪುರದ ಬಳಿ ಆದಿಯೋಗಿ ಪ್ರತಿಮೆ ಅನಾವರಣವಾದ ಮೇಲೆ ಅದರ ಸುತ್ತ ಹುಡುಕಾಟಗಳು ಹುಟ್ಟಿದವು. ಇಂಥ ಕಡೆ ಮೊದಲು ಬರೆದವರಿಗೆ ಅನುಕೂಲ ಹೆಚ್ಚು.

ಊರಿನ ಹೆಸರನ್ನು ಇಂಗ್ಲಿಷ್‌ನಲ್ಲಿ ಹಲವು ರೀತಿ ಬರೆಯುತ್ತಾರೆ. ಪ್ರತಿಯೊಂದಕ್ಕೂ ಬೇರೆ ಪುಟ ಬೇಕೇ?

ಬೇಡ. 2014ರ ನವೆಂಬರ್ 1ರಿಂದ ಇಂಗ್ಲಿಷ್‌ನಲ್ಲೂ ಅಧಿಕೃತವಾಗಿ ತುಮಕೂರು ಎಂದೇ ಬರೆಯಬೇಕಾಗಿದ್ದರೂ 'ತುಮ್ಕೂರ್' ಎಂದು ಟೈಪ್ ಮಾಡುವವರು ಇನ್ನೂ ಬಹಳ. ಚಿಕ್ಕಬಳ್ಳಾಪುರಕ್ಕಂತೂ ಒಂದು 'ಕೆ', ಎರಡು 'ಕೆ', 'ಸಿಕೆ', ಕೊನೆಗೆ 'ಎ' ಇರುವುದು, ಇಲ್ಲದಿರುವುದು ಎಲ್ಲ ಚಾಲ್ತಿಯಲ್ಲಿವೆ. ಗೂಗಲ್ ಟ್ರೆಂಡ್ಸ್‌ನಲ್ಲಿ ಕರ್ನಾಟಕ ಆರಿಸಿ ಅವನ್ನು ಪಕ್ಕಪಕ್ಕ ಹಾಕಿ ಯಾವುದು ಮುಂದಿದೆ ನೋಡಿ. ಟ್ರೆಂಡ್ಸ್‌ನ 0ರಿಂದ 100 ಹೋಲಿಕೆಯ ಸಂಖ್ಯೆ, ಹುಡುಕಾಟದ ಎಣಿಕೆಯಲ್ಲ.

ಎರಡು ಮಾತು ಒಂದೇ ಕೀವರ್ಡೋ ಬೇರೆಯೋ ಎಂದು ತಿಳಿಯಲು ಎರಡನ್ನೂ ಹುಡುಕಿ. ಹತ್ತರಲ್ಲಿ ಆರೇಳು ಫಲಿತಾಂಶ ಒಂದೇ ಆಗಿದ್ದರೆ ಒಂದೇ ಪುಟ ಸಾಕು. ಎರಡು ಮೂರು ಮಾತ್ರ ಹೊಂದಿದರೆ ಬೇರೆ ಪುಟದ ಯೋಚನೆ ಮಾಡಿ.

ಕನ್ನಡ ಅಕ್ಷರದಲ್ಲಿ ಬರೆದರೆ ಪೈಪೋಟಿ ಕಡಿಮೆಯೇ?

ಹೌದು, ಹಲವು ವಿಷಯಗಳಲ್ಲಿ ಬಹಳ ಕಡಿಮೆ. ಡ್ರಿಪ್ ಅಳವಡಿಕೆ, ಟೊಮೆಟೊ ರೋಗ, ರೇಷ್ಮೆ ಹುಳು ಸಾಕಣೆ, ಪಹಣಿ, ಖಾತೆ ಬದಲಾವಣೆ ಇಂಥ ವಿಷಯಗಳಲ್ಲಿ ಒಳ್ಳೆಯ ಕನ್ನಡ ಪುಟಗಳು ಇನ್ನೂ ಕಡಿಮೆ, ಓದುವವರು ಇದ್ದಾರೆ. ಹಾಗೆಂದು ಇಂಗ್ಲಿಷ್ ಪುಟವನ್ನು ಯಂತ್ರಕ್ಕೆ ಕೊಟ್ಟು ಅನುವಾದಿಸಿ ಹಾಕಬೇಡಿ. ಶಿಡ್ಲಘಟ್ಟದ ರೈತ 'ಹಣ್ಣಾದ ಹುಳು', 'ಚಂದ್ರಿಕೆ' ಎಂದು ಹುಡುಕುತ್ತಾನೆ. ಅನುವಾದ ಯಂತ್ರ ಬೇರೇನೋ ಬರೆದಿರುತ್ತದೆ.

ಟೂಲ್‌ಗಳು ಕನ್ನಡದ ಮಾತುಗಳಿಗೆ ಸೊನ್ನೆ ತೋರಿಸುವುದುಂಟು. ಅವುಗಳ ಬಳಿ ಮಾಹಿತಿ ಸಾಲದು, ಅಷ್ಟೆ. ಗೂಗಲ್ ಪೆಟ್ಟಿಗೆಯಲ್ಲಿ ಮಾತನ್ನು ಅರ್ಧ ಟೈಪ್ ಮಾಡಿ ನಿಲ್ಲಿಸಿ. ಕೆಳಗೆ ಪೂರ್ತಿಯಾಗಿ ತಾನೇ ಸೂಚಿಸಿದರೆ ಅದನ್ನು ಹುಡುಕುವವರಿದ್ದಾರೆ.

ಮೊದಲ ಪುಟದ ತುಂಬ ಜಸ್ಟ್‌ಡಯಲ್, ಸುಲೇಖಾ, ಇಂಡಿಯಾಮಾರ್ಟ್. ಅವರನ್ನು ಹಿಂದಿಕ್ಕಲು ಆಗುತ್ತದೆಯೇ?

ಡೊಮೇನ್ ಲೆಕ್ಕದಲ್ಲಿ ಆಗದು, ಪುಟದ ಲೆಕ್ಕದಲ್ಲಿ ಆಗಬಹುದು. ಅವರ ಪುಟದಲ್ಲಿರುವುದು ಹೆಸರು, ವಿಳಾಸ, ನಕ್ಷತ್ರ. ಶುಲ್ಕ ಎಷ್ಟು, ಭಾನುವಾರ ತೆರೆದಿರುತ್ತದೆಯೇ, ಮೂಲಬಾಗಿಲಿನಿಂದ ಬಂದವರು ಎಲ್ಲಿ ಇಳಿಯಬೇಕು ಎಂಬುದು ಇರುವುದಿಲ್ಲ. ಇವನ್ನು ನೇರವಾಗಿ ಹೇಳುವ ಪುಟ ಸಣ್ಣ ಊರಿನ ಮಾತುಗಳಲ್ಲಿ ಮೇಲೆ ಬರುತ್ತದೆ. ಡೈರೆಕ್ಟರಿಗಳಲ್ಲಿ ಉಚಿತವಾಗಿ ಹೆಸರು ನೋಂದಾಯಿಸಿಕೊಳ್ಳುವುದನ್ನೂ ಬಿಡಬೇಡಿ.

ಮ್ಯಾಪ್‌ನಲ್ಲಿ ಬರುವ ಮೂರು ಅಂಗಡಿಗಳ ಪೈಪೋಟಿ ಬೇರೆಯೇ?

ಪೂರ್ತಿ ಬೇರೆ. ಹತ್ತಿರದ ಸೇವೆಗಳಿಗೆ ವೆಬ್‌ಸೈಟ್‌ಗಿಂತ ಅದೇ ಮುಖ್ಯ. ಗೂಗಲ್ ಅಲ್ಲಿ ನೋಡುವುದು ಮೂರು: ಹುಡುಕಿದ್ದಕ್ಕೂ ನಿಮ್ಮ ವ್ಯಾಪಾರಕ್ಕೂ ಇರುವ ಹೊಂದಾಣಿಕೆ, ಹುಡುಕುವವರಿಂದ ಇರುವ ದೂರ, ನಿಮ್ಮ ವ್ಯಾಪಾರಕ್ಕಿರುವ ಹೆಸರು. ದೂರ ನಿಮ್ಮ ಕೈಯಲ್ಲಿಲ್ಲ. ಗೂಗಲ್ ಬಿಸಿನೆಸ್ ಪ್ರೊಫೈಲ್‌ನಲ್ಲಿ (ಮ್ಯಾಪ್‌ನಲ್ಲಿ ಕಾಣುವ ನಿಮ್ಮ ಅಂಗಡಿಯ ವಿವರದಲ್ಲಿ) ಮುಖ್ಯ ಕೆಟಗರಿ ಸರಿಯಿದೆಯೇ ಎಂಬುದು ನಿಮ್ಮ ಕೈಯಲ್ಲಿದೆ. ಎದುರಾಳಿ ಮೂವರ ಕೆಟಗರಿ, ರಿವ್ಯೂ ಸಂಖ್ಯೆ, ಕೊನೆಯ ರಿವ್ಯೂ ಬಂದ ತಿಂಗಳು, ಫೋಟೋ ಬರೆದುಕೊಳ್ಳಿ. ಮೂವರಿಗೂ ಹತ್ತು ಹದಿನೈದು ರಿವ್ಯೂ ಇದ್ದು ಕೊನೆಯದು ವರ್ಷದ ಹಿಂದಿನದಾದರೆ ಆ ಜಾಗ ಕೈಗೆಟುಕುವಂಥದು. ಅಂಗಡಿಯ ಹೆಸರಿನೊಳಗೆ 'ಬೆಸ್ಟ್', ಊರು, ಸೇವೆ ಎಲ್ಲ ತುರುಕಬೇಡಿ. ಅದು ಗೂಗಲ್ ನಿಯಮಕ್ಕೆ ವಿರುದ್ಧ, ಯಾರಾದರೂ ದೂರು ಕೊಟ್ಟರೆ ಪ್ರೊಫೈಲ್ ಅಮಾನತಾಗಬಹುದು.

'ಆಲ್‌ಇನ್‌ಟೈಟಲ್' ಹಾಕಿ ಎಣಿಸುವ ಉಪಾಯ ಕೆಲಸ ಮಾಡುತ್ತದೆಯೇ?

ಅರ್ಧ. ಆ ಪದವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಮಧ್ಯೆ ಜಾಗ ಬಿಡದೆ ಬರೆದು, ಕೋಲನ್ ಇಟ್ಟು, ನಿಮ್ಮ ಮಾತು ಹಾಕಿದರೆ ಎಲ್ಲ ಪದಗಳೂ ಟೈಟಲ್‌ನಲ್ಲಿರುವ ಪುಟಗಳಷ್ಟೇ ಬರುತ್ತವೆ. ಎಷ್ಟು ಜನ ಬೇಕೆಂದೇ ಆ ಮಾತಿಗೆ ಗುರಿಯಿಟ್ಟಿದ್ದಾರೆ ಎಂಬ ಅಂದಾಜು ಸಿಗುತ್ತದೆ. ಆದರೆ ಅವರು ಬಲಶಾಲಿಗಳೋ ಅಲ್ಲವೋ ತಿಳಿಯುವುದಿಲ್ಲ. ಐದೇ ಪುಟ ಇದ್ದರೂ ಐದೂ ಪತ್ರಿಕೆಗಳದಾಗಿದ್ದರೆ ಕಷ್ಟವೇ.

ಒಂದು ಉದಾಹರಣೆ ಕೊಟ್ಟು ವಿವರಿಸಬಹುದೇ?

ತಿಪಟೂರಿನ ಕೊಬ್ಬರಿ ವ್ಯಾಪಾರಿಯ ವೆಬ್‌ಸೈಟ್ ತೆಗೆದುಕೊಳ್ಳೋಣ. ಮೊದಲು ಹೊಳೆಯುವ ಮಾತು 'ತಿಪಟೂರು ಕೊಬ್ಬರಿ ಬೆಲೆ ಇಂದು'. ಹುಡುಕಾಟ ಬಹಳ. ಆದರೆ ಇಲ್ಲಿ ಗೆಲ್ಲುವುದು ತಾಜಾತನ: ಹರಾಜು ಮುಗಿದ ಕೂಡಲೇ ದರ ಹಾಕುವ ಮಾರುಕಟ್ಟೆ ದರದ ಸೈಟ್‌ಗಳು, ಸುದ್ದಿ ಸೈಟ್‌ಗಳು, ಯೂಟ್ಯೂಬ್‌ನವರು. ಒಮ್ಮೆ ಬರೆದಿಟ್ಟ ಪುಟ ವಾರದೊಳಗೆ ಹಳಸುತ್ತದೆ. ಅದಕ್ಕಿಂತ ಮುಖ್ಯವಾಗಿ, ಇದನ್ನು ಹುಡುಕುವವರು ತೆಂಗು ಬೆಳೆಗಾರರು. ಅವರು ಕೊಬ್ಬರಿ ಮಾರುವವರು, ಕೊಳ್ಳುವವರಲ್ಲ.

ಎರಡನೆಯ ಮಾತು 'ಉಂಡೆ ಕೊಬ್ಬರಿ ಹೋಲ್‌ಸೇಲ್'. ತಿಪಟೂರಿನ ಉಂಡೆ ಕೊಬ್ಬರಿಗೆ ದೊಡ್ಡ ಗಿರಾಕಿ ಉತ್ತರ ಭಾರತ. ಹಾಗಾಗಿ ಹುಡುಕಾಟ ಇಂಗ್ಲಿಷ್, ಹಿಂದಿಯಲ್ಲಿ ನಡೆಯುತ್ತದೆ, ಸ್ಥಳವನ್ನು ತುಮಕೂರಿಗೆ ಹಾಕಿ ಅಳೆದರೆ ತಪ್ಪಾಗುತ್ತದೆ. ದೆಹಲಿ, ಜೈಪುರ ಹಾಕಿ ನೋಡಬೇಕು. ಅಲ್ಲಿ ಇಂಡಿಯಾಮಾರ್ಟ್, ಟ್ರೇಡ್‌ಇಂಡಿಯಾದ ಪಟ್ಟಿ ಪುಟಗಳು ಗಟ್ಟಿಯಾಗಿ ಕೂತಿರುತ್ತವೆ.

ಮೂರನೆಯದು, ಅದಕ್ಕೇ ತಿಪಟೂರಿನ ಹೆಸರು, ಗಾತ್ರ ಮತ್ತು ಚೀಲದ ತೂಕ ಸೇರಿಸಿದ ಮಾತು. ಟೂಲ್‌ನಲ್ಲಿ ತಿಂಗಳಿಗೆ ಹತ್ತು ಹುಡುಕಾಟ ಎಂದೋ ಸೊನ್ನೆ ಎಂದೋ ಬರುತ್ತದೆ. ಪಟ್ಟಿ ಪುಟಗಳಲ್ಲಿ ಗಾತ್ರವಾರು ವಿಂಗಡಣೆ, ತೇವಾಂಶ, ಒಂದು ಲಾರಿಗೆ ಎಷ್ಟು ಚೀಲ, ಎಷ್ಟು ದಿನಕ್ಕೆ ಲೋಡ್ ಆಗುತ್ತದೆ ಎಂಬುದು ಸಿಗುವುದಿಲ್ಲ. ಫೋಟೋ ಸಮೇತ ಅದನ್ನೆಲ್ಲ ಬರೆದ ಒಂದು ಪುಟಕ್ಕೆ ಎದುರಾಳಿಗಳೇ ಕಡಿಮೆ. ಒಂದು ಲಾರಿ ಲೋಡ್‌ನ ಆರ್ಡರ್ ಬಂದರೂ ಬರೆದ ಶ್ರಮ ಸಾರ್ಥಕ. ನಾವು ಆರಿಸುವುದು ಈ ಮೂರನೆಯದನ್ನೇ.

ತಾಲ್ಲೂಕಿಗೊಂದು ಪುಟ ಮಾಡಿ ಹೆಸರು ಮಾತ್ರ ಬದಲಾಯಿಸಿದರೆ?

ಮಾಡಬೇಡಿ. ತುಮಕೂರು ಜಿಲ್ಲೆಯ ಹತ್ತು ತಾಲ್ಲೂಕುಗಳಿಗೆ ಒಂದೇ ಬರಹ ಹಾಕಿ ಗುಬ್ಬಿ ಇದ್ದಲ್ಲಿ ಕುಣಿಗಲ್, ಕುಣಿಗಲ್ ಇದ್ದಲ್ಲಿ ಪಾವಗಡ ಎಂದು ಬದಲಾಯಿಸಿದ ಪುಟಗಳನ್ನು ಗೂಗಲ್ 'ಡೋರ್‌ವೇ' ಎಂದು ಕರೆದು ಸ್ಪ್ಯಾಮ್ ನಿಯಮದಡಿ ತರುತ್ತದೆ. ನಿಜವಾಗಿ ಮಧುಗಿರಿಯಲ್ಲಿ ಶಾಖೆ ಇದ್ದರೆ, ಅಲ್ಲಿನ ಫೋಟೋ, ಸಮಯ, ದರ ಬೇರೆ ಇದ್ದರೆ ಅದಕ್ಕೊಂದು ಪುಟ ಸರಿ.

ಲಿಂಕ್ ಕೊಂಡುಕೊಂಡರೆ ಬೇಗ ಮೇಲೆ ಬರುವುದಿಲ್ಲವೇ?

ರ‍್ಯಾಂಕ್‌ಗಾಗಿ ಲಿಂಕ್ ಕೊಳ್ಳುವುದು ಗೂಗಲ್ ನಿಯಮಕ್ಕೆ ವಿರುದ್ಧ. ಅದು ಪತ್ತೆಯಾದರೆ ಲಿಂಕ್‌ಗೆ ಬೆಲೆಯೇ ಇರುವುದಿಲ್ಲ, ಕೊಟ್ಟ ದುಡ್ಡೂ ಹೋಯಿತು. ಸರಕು ಕೊಡುವ ಕಂಪನಿಯ ಡೀಲರ್ ಪಟ್ಟಿ, ವರ್ತಕರ ಸಂಘದ ಸೈಟ್, ನೀವು ಕ್ಯಾಂಪಸ್ ಕಾರ್ಯಕ್ರಮ ನಡೆಸಿದ ಕಾಲೇಜು, ಸ್ಥಳೀಯ ಸುದ್ದಿ ಪೋರ್ಟಲ್ ಇವುಗಳಿಂದ ನಾಲ್ಕೈದು ಲಿಂಕ್ ಬಂದರೆ ಸಣ್ಣ ಊರಿನ ಮಾತಿಗೆ ಸಾಕಾಗುತ್ತದೆ.

ಪುಟ ನಿಧಾನವಾಗಿ ತೆರೆದುಕೊಂಡರೆ ಪೈಪೋಟಿಯಲ್ಲಿ ಸೋಲುತ್ತೇವೆಯೇ?

ಉಳಿದೆಲ್ಲ ಸಮವಾಗಿದ್ದಾಗ ಮಾತ್ರ ವೇಗ ನಿರ್ಣಾಯಕ. ವೇಗ ಅಳೆಯುವ ಗೂಗಲ್‌ನ ಟೂಲ್ ಪೇಜ್‌ಸ್ಪೀಡ್ ಇನ್‌ಸೈಟ್ಸ್‌ನಲ್ಲಿ ಪುಟದ ಮುಖ್ಯ ಭಾಗ 2.5 ಸೆಕೆಂಡಿನೊಳಗೆ ಕಂಡರೆ ಸಾಕು. ನಿಧಾನಕ್ಕೆ ಕಾರಣ ಹೆಚ್ಚಾಗಿ ಫೋನಿನಿಂದ ತೆಗೆದು ನೇರವಾಗಿ ಏರಿಸಿದ ನಾಲ್ಕೈದು ಎಂಬಿ ಫೋಟೋಗಳು. ಅವನ್ನು 200 ಕೆಬಿಯೊಳಗೆ ತನ್ನಿ.

ಮೇಲೆಯೇ ಎಐ ಉತ್ತರ ಬಂದರೆ ನಮ್ಮ ಪುಟಕ್ಕೆ ಯಾರು ಬರುತ್ತಾರೆ?

2024ರ ಆಗಸ್ಟ್‌ನಿಂದ ಭಾರತದಲ್ಲೂ ಎಐ ಓವರ್‌ವ್ಯೂ ಕಾಣಿಸಿಕೊಳ್ಳುತ್ತಿದೆ. 'ಏನು', 'ಯಾಕೆ' ಎಂಬ ಪ್ರಶ್ನೆಗಳಲ್ಲಿ ಕ್ಲಿಕ್ ಕಡಿಮೆಯಾಗುವುದು ಸಹಜ, ಅಂಥ ಮಾತುಗಳನ್ನು ಪಟ್ಟಿಯಲ್ಲಿ ಕೆಳಗೆ ಹಾಕಿ. ಬೆಲೆ, ಬುಕಿಂಗ್, ಹತ್ತಿರದ ಸೇವೆ ಕೇಳುವ ಮಾತುಗಳಲ್ಲಿ ಜನ ಕೊನೆಗೆ ಒಂದು ಅಂಗಡಿಯನ್ನು ಆರಿಸಿಕೊಳ್ಳಲೇಬೇಕು. ಅಳೆಯುವಾಗ 'ಎಐ ಉತ್ತರ ಇದೆ, ಇಲ್ಲ' ಎಂಬ ಒಂದು ಕಾಲಂ ಶೀಟ್‌ಗೆ ಸೇರಿಸಿ.

ಅಳತೆ ಸರಿಯಾಗಿತ್ತೇ ಎಂದು ಹೇಗೆ ತಿಳಿಯುವುದು? ಎಷ್ಟು ದಿನ ಕಾಯಬೇಕು?

ನಿಮ್ಮ ಸೈಟ್ ಹುಡುಕಾಟದಲ್ಲಿ ಎಲ್ಲೆಲ್ಲಿ ಕಾಣುತ್ತಿದೆ ಎಂದು ತೋರಿಸುವ ಗೂಗಲ್‌ನ ಉಚಿತ ಟೂಲ್ ಸರ್ಚ್ ಕನ್ಸೋಲ್ ಹೇಳುತ್ತದೆ. 'ಪರ್ಫಾರ್ಮೆನ್ಸ್' ತೆರೆದು 'ಸರಾಸರಿ ಸ್ಥಾನ' ಟಿಕ್ ಮಾಡಿ, ಆ ಪುಟವನ್ನಷ್ಟೇ ಫಿಲ್ಟರ್ ಮಾಡಿ ಮಾತುಗಳನ್ನು ನೋಡಿ. 16 ತಿಂಗಳ ಮಾಹಿತಿ ಇರುತ್ತದೆ. ಹೊಸ ಸೈಟ್‌ಗೆ ನಾಲ್ಕು ತಿಂಗಳಿಂದ ಒಂದು ವರ್ಷ ಹಿಡಿಯುವುದು ಸಾಮಾನ್ಯ. ಎರಡು ಮೂರು ತಿಂಗಳಲ್ಲಿ ಸರಾಸರಿ ಸ್ಥಾನ 40ರ ಆಸುಪಾಸಿಗೆ ಬಂದು ನಿಧಾನವಾಗಿ ಏರುತ್ತಿದ್ದರೆ ದಾರಿ ಸರಿಯಿದೆ. 8ರಿಂದ 20ರ ನಡುವೆ ನಿಂತ ಮಾತುಗಳಿಗೆ ಮೊದಲ ಗಮನ ಕೊಡಿ: ಟೈಟಲ್ ತಿದ್ದಿ, ಬಿಟ್ಟುಹೋದ ಪ್ರಶ್ನೆಗೆ ಉತ್ತರ ಸೇರಿಸಿ, ಸೈಟ್‌ನ ಬೇರೆ ಪುಟಗಳಿಂದ ಅಲ್ಲಿಗೆ ಲಿಂಕ್ ಕೊಡಿ. ಆರು ತಿಂಗಳಾದರೂ 60ರ ಆಚೆಯೇ ಇದ್ದರೆ ಮತ್ತೆ ಹತ್ತು ಫಲಿತಾಂಶ ತೆರೆಯಿರಿ. ಆ ಮಾತಿಗೆ ಗೂಗಲ್ ಕೊಡುತ್ತಿರುವ ಪುಟದ ಜಾತಿಯೇ ನಿಮ್ಮದಕ್ಕಿಂತ ಬೇರೆ ಇರುವ ಸಂಭವ ಹೆಚ್ಚು. ಹಾಗಿದ್ದರೆ ಪುಟದ ರೂಪ ಬದಲಾಯಿಸಿ, ಇಲ್ಲವೇ ಆ ಕೀವರ್ಡ್ ಬಿಟ್ಟು ಪಟ್ಟಿಯ ಮುಂದಿನದಕ್ಕೆ ಹೋಗಿ.